ಶನಿವಾರದ ಕೊಲೆ, ಆಮೇಲೆ ಸಜ್ಜಿಗೆ

ಪದ್ಮನಾಭನಗರದ ನಮ್ಮತ್ತೆಯ ಮನೆಯಲ್ಲಿ ಪ್ರತಿ ಶನಿವಾರ ಮಧ್ಯಾಹ್ನ ಒಂದು ಕೊಲೆಯಾಗುತ್ತದೆ. ಆಮೇಲೆ ಎಲ್ಲರಿಗೂ ಸಜ್ಜಿಗೆ ಕೊಡುತ್ತಾರೆ.

ಗಾಬರಿಯಾಗಬೇಡಿ! ಕೊಲೆ ಪುಸ್ತಕದಲ್ಲಿ, ಸಜ್ಜಿಗೆ ದೊನ್ನೆಯಲ್ಲಿ. ಅತ್ತೆ ಎಂದರೆ ನನ್ನ ಗಂಡನ ತಾಯಿಯಲ್ಲ, ಅಪ್ಪನ ತಂಗಿ. ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸಿ ನಿವೃತ್ತರಾದವರು. ಅವರ ವಯಸ್ಸಿನ ಉಳಿದ ಹೆಂಗಸರು ಒಟ್ಟಿಗೆ ಕೂತು ಸಹಸ್ರನಾಮ ಹೇಳಿಕೊಳ್ಳುವ ಹೊತ್ತಿನಲ್ಲಿ ಇವರು ಹಾಲ್‌ನ ಕಿಟಕಿಗಳನ್ನೆಲ್ಲ ಮುಚ್ಚಿ, ಒಂದು ದೀಪ ಹಚ್ಚಿ, ಚಾಪೆ ಹಾಸಿ, ಖಾಸಗಿ ಪತ್ತೇದಾರನ ಒಂದು ಸಣ್ಣಕಥೆಯನ್ನು ಗಟ್ಟಿಯಾಗಿ ಓದುತ್ತಾರೆ. ಬಂದವರ ಕೈಗೆ, ವ್ರತದ ಕಥೆಗೆ ಕೊಡುವ ಹಾಗೆ, ಅಕ್ಷತೆ ಕೊಡುತ್ತಾರೆ. ತಡವಾಗಿ ಬಂದವರು ಬಾಗಿಲ ಬಳಿಯ ಬಟ್ಟಲಿನಿಂದ ತೆಗೆದುಕೊಳ್ಳಬೇಕು. ಕಥೆ ಮುಗಿಯುವವರೆಗೆ ಅದನ್ನು ಮುಷ್ಟಿಯಲ್ಲಿ ಹಿಡಿದಿರಬೇಕು. ಅಪರಾಧಿಯ ಹೆಸರು ಬಂದ ಮೇಲೆ ಪುಸ್ತಕದ ಮೇಲೆ ಹಾಕಿ ಕೈಮುಗಿಯಬೇಕು. ಯಾರಿಗೆ ಕೈಮುಗಿಯುವುದು? ಕೊಲೆಗಾರನಿಗೋ, ಪತ್ತೇದಾರನಿಗೋ? ಕೇಳಿದರೆ "ಕಥೆಗೆ ಕಣೇ" ಎನ್ನುತ್ತಾರೆ. ಪ್ರಸಾದ ತೆಗೆದುಕೊಳ್ಳದೆ ಯಾರೂ ಏಳುವ ಹಾಗಿಲ್ಲ. ಎದ್ದರೆ?

"ಅರ್ಧ ಕಥೆಗೆ ಎದ್ರೆ ಸತ್ತವನು ಹಿಂದೇನೇ ಬರ್ತಾನೆ. ಯಾರು ಕೊಂದಿದ್ದು ಅಂತ ಹೇಳಿ ಹೋಗಿ ಅಂತ ಗೇಟ್ ಹತ್ರ ನಿಂತಿರ್ತಾನೆ."

ಮೊದಲ ಸಲ ಕೇಳಿದಾಗ ನಾನು ನಕ್ಕಿದ್ದೆ. ಈಗ ಹೇಳಲಿರುವುದು ನಡೆದ ಮೇಲೆ ಆ ಮಾತಿಗೆ ನಕ್ಕಿಲ್ಲ. ಕಣ್ಣಾರೆ ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ. ಊಹಿಸಿದ್ದನ್ನು ಊಹೆ ಎಂದೇ ಹೇಳುತ್ತೇನೆ.

ಸಭೆ ದೊಡ್ಡದಲ್ಲ. ಜೆ.ಪಿ. ನಗರದಿಂದ ಬಸ್ಸಿನಲ್ಲಿ ಬರುವ ನಾನು, ಎದುರು ಮನೆಯಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುವ ಟ್ಯೂಷನ್ ಮೇಡಂ, ಪಕ್ಕದ ಬೀದಿಯ ನಿವೃತ್ತ ಇಂಜಿನಿಯರ್, ಅತ್ತೆಯ ಮಹಡಿಯಲ್ಲಿ ಬಾಡಿಗೆಗಿರುವ ಆಂಟಿ. ಇಷ್ಟು ಜನ ಖಾಯಂ. ಇವರ ಬೆನ್ನಿಗೆ ಯಾರದೋ ನಾದಿನಿ, ಯಾರದೋ ಬೀಗಿತ್ತಿ ಬಂದು ಹೋಗುತ್ತಿರುತ್ತಾರೆ. ಮನೆಗೆ ಬಂದವರನ್ನು "ನೀವು ಯಾರು?" ಎಂದು ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಚಾಪೆಯ ಮೇಲೆ ಕೂತರೆ ನಮ್ಮವರೇ.

ಅತ್ತೆಗೆ ಕಾದಂಬರಿ ಕಂಡರಾಗದು. "ಕಾದಂಬರೀಲಿ ಕೊಲೆಗಾರನಿಗೆ ಅಡಗಿಕೊಳ್ಳೋಕೆ ಜಾಗ ಜಾಸ್ತಿ. ಸಣ್ಣಕಥೆ ಅಂದ್ರೆ ಒಂದೇ ರೂಮಿನ ಮನೆ. ಮಂಚದ ಕೆಳಗೆ ನೋಡು, ಬೀರು ಹಿಂದೆ ನೋಡು, ಮುಗೀತು. ಆದ್ರೂ ಕಣ್ಣಿಗೆ ಬೀಳಲ್ಲ ನೋಡು, ಅದು ಕಲೆ!"

ಪೊಲೀಸ್ ಕಥೆಯೂ ಬೇಡ. "ಅವರಿಗೆ ದಿನಾ ನೂರು ಕೇಸು. ಖಾಸಗಿ ಪತ್ತೇದಾರನ ಹತ್ರ ಯಾರೋ ಒಬ್ಬರು ಬಂದು ಬಾಗಿಲು ತಟ್ತಾರೆ. ಆ ಒಬ್ಬರಿಗೋಸ್ಕರ ಅವನು ಚಪ್ಪಲಿ ಮೆಟ್ಕೊಂಡು ಹೊರಡ್ತಾನೆ. ಅಷ್ಟೇ ಕಣೇ ಕಥೆ. ಉಳಿದಿದ್ದೆಲ್ಲ ಒಗ್ಗರಣೆ."

ಹಳೆಯ ಕಥೆ ಮೇಲೋ ಹೊಸದು ಮೇಲೋ ಎಂದು ಅತ್ತೆಗೂ ಟ್ಯೂಷನ್ ಮೇಡಂಗೂ ವಾರವಾರ ಯುದ್ಧ. ಅತ್ತೆ ಹಳೆಯದರ ಪಕ್ಷ.

"ಹಳೇ ಪತ್ತೇದಾರ ನಿಮ್ಮ ಪಾದದ ಧೂಳು ನೋಡಿ ಯಾವ ಬೀದಿಯಿಂದ ಬಂದ್ರಿ ಅಂತ ಹೇಳ್ತಿದ್ದ. ಈಗಿನವನು ನಿಮ್ಮ ಫೋನ್ ಕಿತ್ಕೊಂಡು ಹೇಳ್ತಾನೆ. ಅದನ್ನ ಮೊಬೈಲ್ ರಿಪೇರಿ ಅಂಗಡಿಯವನೂ ಹೇಳ್ತಾನೆ!"

"ಅದ್ಸರಿ ಮೇಡಂ, ನಿಮ್ಮ ಹಳೇ ಕಥೇಲಿ ಹೆಣ ಬಿದ್ದ ಮೇಲೂ ಮನೆಯವರೆಲ್ಲ ಟೀ ಕುಡೀತಾ ಕೂತಿರ್ತಾರಲ್ಲ, ಒಬ್ಬರಾದ್ರೂ ಅಳ್ತಾರಾ? ಹೊಸದರಲ್ಲಿ ಅಳ್ತಾರೆ. ಪತ್ತೇದಾರನೂ ಅಳ್ತಾನೆ."

"ಅವನೂ ಅಳ್ತಾ ಕೂತ್ರೆ ಸುಳಿವು ಯಾರು ಹುಡುಕ್ತಾರೆ? ನೀವಾ?"

ಆದರೂ ಮುಂದಿನ ವಾರ ಅತ್ತೆಯೇ ಒಂದು ಹೊಸ ಕಥೆ ಓದಿದರು. ಅದರಲ್ಲಿ ಪತ್ತೇದಾರನಿಗೆ ಎಲ್ಲವೂ ಗೊತ್ತಾಗಿದೆ. ಸತ್ತ ಹುಡುಗಿಯ ತಾಯಿಗೆ ಹೇಳಬೇಕು. ಆ ಮನೆಯೆದುರು ಕಾರಿನಲ್ಲಿ ಕೂತವನು ಇಳಿಯುವುದೇ ಇಲ್ಲ. ಒಳಗೆ ದೀಪ ಹತ್ತುವುದನ್ನೂ ತಾಯಿ ಕಿಟಕಿಯಲ್ಲಿ ಬಂದು ನಿಲ್ಲುವುದನ್ನೂ ನೋಡುತ್ತಲೇ ಇರುತ್ತಾನೆ. ಕಥೆ ಅಲ್ಲಿಗೆ ಮುಗಿಯುತ್ತದೆ. ಅತ್ತೆ ಪುಸ್ತಕ ಮುಚ್ಚಿ ಹೇಳಿದರು: "ಇದು ಹಳಬರಿಗೆ ಬರ್ತಿರ್ಲಿಲ್ಲ." ಟ್ಯೂಷನ್ ಮೇಡಂ ಗೆದ್ದ ಖುಷಿಗೆ ಎರಡು ದೊನ್ನೆ ಸಜ್ಜಿಗೆ ತಿಂದರು.

ಓದುವಾಗ ಅಕ್ಷರ ಬದಲಾಗಕೂಡದು. ಅತ್ತೆಗೆ ಅಚ್ಚಾದದ್ದೆಲ್ಲ ಮಂತ್ರ. ಒಮ್ಮೆ ಗಂಟಲು ಕಟ್ಟಿದೆಯೆಂದು ಇಂಜಿನಿಯರ್ ಕೈಗೆ ಪುಸ್ತಕ ಕೊಟ್ಟರು. ಅವರು ಪಾಪ, ಬೇಗ ಮುಗಿಯಲೆಂದು ಮಂಜಿನ ವರ್ಣನೆಯೊಂದನ್ನು ಹಾರಿಸಿದರು. ಅತ್ತೆ ಕೈ ಅಡ್ಡ ಹಿಡಿದು, "ಸಾರ್, ಮೊದಲಿಂದ ಓದಿ" ಎಂದರು. ಇಂಜಿನಿಯರ್ ಮೊದಲಿಂದ ಓದಿದರು! ಇನ್ನೊಮ್ಮೆ ಒಬ್ಬ ಲೇಖಕ, ಎಲ್ಲೂ ಬಾರದ ವ್ಯಕ್ತಿಯನ್ನು ಕೊನೆಯ ಪುಟದಲ್ಲಿ ತಂದು ಇವನೇ ಕೊಲೆಗಾರ ಎಂದುಬಿಟ್ಟಿದ್ದ. ಆ ಪತ್ರಿಕೆ ಮನೆಯೊಳಗಿರಲು ಅತ್ತೆ ಬಿಡಲಿಲ್ಲ. "ಸುಳಿವು ಕೊಡದೆ ಉತ್ತರ ಕೊಡೋನು ಕಳ್ಳ" ಎಂದು ಹೊರಗಿನ ಹಳೇ ಪೇಪರ್ ರಾಶಿಗೆ ಎಸೆದು ಬಂದು ಕೈ ತೊಳೆದುಕೊಂಡರು.

ಇಂಥವರ ಮನೆಯಲ್ಲಿ ಒಂದು ಶನಿವಾರ ಸಜ್ಜಿಗೆ ಹಂಚುತ್ತಿದ್ದಾಗ ಒಂದು ದೊನ್ನೆ ಉಳಿಯಿತು.

"ನಿಮ್ಮ ಅತ್ತಿಗೆ ಇವತ್ತೂ ಪ್ರಸಾದ ತಗೊಳ್ದೆ ಹೋದ್ರಲ್ರೀ" ಎಂದು ಮಹಡಿ ಆಂಟಿ ಟ್ಯೂಷನ್ ಮೇಡಂಗೆ ಹೇಳಿದರು.

"ಯಾವ ಅತ್ತಿಗೆ? ಬಾಗಿಲ ಹತ್ರ ಕೂರ್ತಾರಲ್ಲ, ಕಂದು ಸೀರೆ? ಅವರು ನಿಮ್ಮ ನಾದಿನಿ ಅಲ್ವಾ?"

"ನನಗೆ ನಾದಿನೀನೇ ಇಲ್ಲ!"

ಇಬ್ಬರೂ ಇಂಜಿನಿಯರ್ ಕಡೆ ತಿರುಗಿದರು. ಅವರು ಬಾಯಿಗೆ ಹಾಕಿಕೊಂಡ ಸಜ್ಜಿಗೆಯನ್ನು ನುಂಗದೆ, "ನಾನು ಇವರ ಅಕ್ಕ ಅಂದ್ಕೊಂಡಿದ್ದೆ" ಎಂದು ನನ್ನತ್ತ ಕೈ ತೋರಿಸಿದರು. ನನಗೆ ಅಕ್ಕನಿಲ್ಲ. ನಾನು ಅತ್ತೆಯ ಮುಖ ನೋಡಿದೆ. ಅತ್ತೆ ನನ್ನ ಮುಖ ನೋಡಿದರು.

ಎಷ್ಟೋ ಶನಿವಾರಗಳಿಂದ ಒಬ್ಬ ಹೆಂಗಸು ನಮ್ಮೊಡನೆ ಕತ್ತಲಲ್ಲಿ ಕೂತು ಕೊಲೆಯ ಕಥೆ ಕೇಳುತ್ತಿದ್ದಾಳೆ. ಅವಳು ನಮ್ಮಲ್ಲಿ ಯಾರಿಗೂ ಏನೂ ಆಗಬೇಕಾದವಳಲ್ಲ.

ಒಬ್ಬೊಬ್ಬರೂ ನೆನಪು ಮಾಡಿಕೊಳ್ಳುತ್ತ ಹೋದೆವು. ಅವಳು ಬಂದದ್ದನ್ನು ಯಾರೂ ನೋಡಿಲ್ಲ. ದೀಪ ಹಚ್ಚಿ ಓದು ಶುರುವಾದ ಮೇಲೆ, ತಿರುಗಿದರೆ, ಕೂತಿರುತ್ತಾಳೆ. ಹೋದದ್ದನ್ನೂ ಯಾರೂ ನೋಡಿಲ್ಲ. ಪತ್ತೇದಾರ ಎಲ್ಲರನ್ನೂ ಒಂದು ಕೋಣೆಗೆ ಕರೆದು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಆ ಜಾಗ ಖಾಲಿ. ಅತ್ತೆಯ ಮುಂಬಾಗಿಲು ನಮಗೆಲ್ಲ ಬೀದಿಗೆ ಕೇಳುವಂತೆ ಕಿರುಗುಟ್ಟುತ್ತದೆ. ಅವಳಿಗೆ ಅದು ಎಂದೂ ಕಿರುಗುಟ್ಟಿಲ್ಲ. ಮೆಟ್ಟಿಲ ಬಳಿ ನಮ್ಮೆಲ್ಲರ ಚಪ್ಪಲಿಗಳಿರುತ್ತವೆ. ಬೇರೆ ಜೊತೆಯನ್ನು ಯಾರೂ ಕಂಡಿಲ್ಲ. ಅವಳು ಕೂತಲ್ಲಿ ಅಕ್ಷತೆಯ ಒಂದು ಕಾಳೂ ಬಿದ್ದಿರುವುದಿಲ್ಲ.

ಇಂಜಿನಿಯರ್ ಪ್ರತಿ ವಾರ ಗ್ರೂಪಿಗೆ ಕಳಿಸುವ ಫೋಟೋಗಳನ್ನು ಫೋನಿನಲ್ಲಿ ತೆಗೆದು ನೋಡಿದೆವು. ಎಲ್ಲದರಲ್ಲೂ ನಾವಿದ್ದೇವೆ, ದೊನ್ನೆ ಹಿಡಿದು ಹಲ್ಲು ಕಿರಿಯುತ್ತ. ಅವಳಿಲ್ಲ. ಒಂದರಲ್ಲಿ ಮಾತ್ರ, ಓದು ನಡೆಯುವಾಗ ಕೈತಪ್ಪಿ ತೆಗೆದದ್ದಿರಬೇಕು, ಬಾಗಿಲ ಪಕ್ಕದ ಕತ್ತಲಲ್ಲಿ ಒಂದು ಕೈ ಕಾಣುತ್ತದೆ. ಮುಷ್ಟಿ ಬಿಗಿಹಿಡಿದ ಕೈ.

"ಕಾಲು ನೋಡಿದ್ರಾ ಯಾರಾದ್ರೂ? ಪಾದ ಹಿಂದುಮುಂದು ಇತ್ತಾ?" ಮಹಡಿ ಆಂಟಿಯ ದನಿ ಏರಿತು. "ನಾನಂತೂ ಬರೋ ವಾರ ನಿಂಬೆಹಣ್ಣು ತರ್ತೀನಿ."

"ತನ್ನಿ, ಪಾನಕ ಮಾಡೋಣ" ಎಂದರು ಅತ್ತೆ. ಅವರಿಗೆ ನಿಜಕ್ಕೂ ಅವಮಾನವಾಗಿತ್ತು. "ಪತ್ತೇದಾರಿ ಕಥೇಲಿ ದೆವ್ವ ಬರಬಾರದು. ಅದು ನಿಯಮ. ನನ್ನ ಮನೇಗೆ ಬರುತ್ತಾ?"

ಮುಂದಿನ ಶನಿವಾರ ನಾವೆಲ್ಲ ಕಥೆಯನ್ನು ಮರೆತು, ಬಾಗಿಲಿಗೆ ಕಿವಿ ಕೊಟ್ಟು ಕೂತೆವು. ಅತ್ತೆ ಓದುತ್ತಲೇ ಇದ್ದರು. ನಾನು ಒಮ್ಮೆ ದೀಪದ ಬತ್ತಿ ಸರಿಮಾಡಿ ತಲೆಯೆತ್ತಿದೆ. ಅಷ್ಟರಲ್ಲಿ ಅವಳು ಬಂದು ಕೂತಾಗಿತ್ತು! ನಡುವಯಸ್ಸು. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ. ಮಡಿಲಲ್ಲಿ ಬಟ್ಟೆಯ ಚೀಲ. ಕಣ್ಣು ಅತ್ತೆಯ ತುಟಿಯ ಮೇಲೆ. ಪತ್ತೇದಾರ ಕೆರೆಯಂಚಿನಲ್ಲಿ ನಡೆದಾಗ ಅವಳ ಉಸಿರು ಜೋರಾಯಿತು. ಅವನು ಅಂಗಿಯ ಒಂದು ಗುಂಡಿಯನ್ನು ಎತ್ತಿಕೊಂಡಾಗ ಅವಳೂ ಮುಂದಕ್ಕೆ ಬಾಗಿದಳು. ಆಮೇಲೆ ಅತ್ತೆ "ಈಗ ನನಗೆ ಎಲ್ಲವೂ ತಿಳಿಯಿತು" ಎಂಬ ಸಾಲು ಓದಿದರು. ಅವಳು ಎದ್ದಳು. ಬಾಗಿಲ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು, ಬಾಗಿಲನ್ನು ಕೊಂಚ ಮೇಲಕ್ಕೆತ್ತಿ, ತೆರೆದಳು. ಸದ್ದಿಲ್ಲ.

ಮಹಡಿ ಆಂಟಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಅತ್ತೆ ಪುಸ್ತಕದಿಂದ ಕಣ್ಣು ತೆಗೆಯದೆ, ಓದಿನ ರಾಗದಲ್ಲೇ ನನಗೆ ಹೇಳಿದರು: "ಬಾಗಿಲನ್ನ ಎತ್ತಿ ತೆಗೀತಾಳೆ. ಮಲಗಿರೋರು ಏಳ್ದಂತೆ ಮನೆಯಿಂದ ಹೊರಡೋ ಅಭ್ಯಾಸ. ಚಪ್ಪಲಿ ಚೀಲದಲ್ಲಿದೆ. ಹೋಗು."

ನಾನು ಹೋದೆ. ಅವಳು ಗೇಟಿನ ಬಳಿ ಚೀಲದಿಂದ ಚಪ್ಪಲಿ ತೆಗೆದು ಮೆಟ್ಟಿಕೊಂಡಳು. ಪಾದಗಳು ನೆಟ್ಟಗೇ ಇದ್ದವು. ನಾನು ನೋಡಿದೆ, ನಾಚಿಕೆಯಿಲ್ಲದೆ ಹೇಳುತ್ತೇನೆ. ಬಿಸಿಲಿತ್ತು. ಬೀದಿಯಲ್ಲಿ ಜನರಿದ್ದರು. ಆದರೂ ಅವಳ ಹಿಂದೆ ನಡೆಯುವಾಗ ನನ್ನ ಹಿಂದೆಯೂ ಯಾರೋ ನಡೆಯುತ್ತಿದ್ದಾರೆ ಎನ್ನಿಸಿ ಮತ್ತೆ ಮತ್ತೆ ತಿರುಗಿ ನೋಡಿದೆ. ಅವಳು ಮುಖ್ಯರಸ್ತೆಗೆ ಬಂದು ಬಸ್ ನಿಲ್ದಾಣದ ಹಿಂದಿನ ಗೋಡೆಯ ಮುಂದೆ ನಿಂತಳು. ಟ್ಯೂಷನ್ ಜಾಹೀರಾತು, ಬಾಡಿಗೆ ರೂಮಿನ ಚೀಟಿ, ಹರಿದ ಸಿನಿಮಾ ಪೋಸ್ಟರು, ಎಲ್ಲದರ ಮೇಲೂ ವಾಹನಗಳ ಧೂಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಅವಳು ಆ ಗೋಡೆಯ ಒಂದು ಜಾಗವನ್ನು ಮಾತ್ರ ಮೆಲ್ಲಗೆ ಒರೆಸಿದಳು, ಮಗುವಿನ ಮುಖ ಒರೆಸುವ ಹಾಗೆ. ತುಟಿ ಅಲುಗುತ್ತಿತ್ತು. ಏನು ಹೇಳಿದಳೋ ನನಗೆ ಕೇಳಿಸಲಿಲ್ಲ. ಬನಶಂಕರಿಯ ಬಸ್ಸು ಬಂತು. ಹತ್ತಿ ಹೋದಳು.

ನಾನು ಗೋಡೆಯ ಹತ್ತಿರ ಹೋದೆ. ಧೂಳಿನ ನಡುವೆ ಒಂದು ಮುಖ ಮಾತ್ರ ಶುಭ್ರವಾಗಿತ್ತು. ಚೌಕಳಿ ಅಂಗಿ, ದಪ್ಪ ಮೀಸೆ, ಫೋಟೋ ತೆಗೆಯುವವನು ಏನೋ ತಮಾಷೆ ಮಾಡಿದಾಗ ತಡೆದುಕೊಂಡ ನಗು. ಮೇಲೆ "ಕಾಣೆಯಾಗಿದ್ದಾರೆ." ಕೆಳಗೆ, ಮನೆಯಿಂದ ಹೊರಗೆ ಹೋದವರು ಹಿಂತಿರುಗಿಲ್ಲ, ಕಂಡವರು ಪತ್ನಿಗೆ ತಿಳಿಸಿ ಎಂಬ ಬಿನ್ನಹ. ತಾರೀಖು ಬಿಸಿಲಿಗೆ ಹಾರಿಹೋಗಿತ್ತು. ಕಾಗದದ ಮೂಲೆ ಎದ್ದಿತ್ತು. ಅದರಡಿಯಲ್ಲಿ ಅದೇ ಮುಖದ ಹಳೆಯ ಕಾಗದ. ಅದರಡಿಯಲ್ಲಿ ಇನ್ನೂ ಹಳೆಯದು.

ಪ್ರತಿ ಶನಿವಾರ ನಾನು ಅದೇ ಗೋಡೆಗೆ ಬೆನ್ನು ಕೊಟ್ಟು ಬಸ್ಸಿಗೆ ಕಾದಿದ್ದೇನೆ.

ವಾಪಸು ಬರುವಾಗ ಅತ್ತೆಯ ಗೇಟಿನ ಪಕ್ಕದ ವಿದ್ಯುತ್ ಕಂಬದ ಮೇಲೂ ಅವನು ಕಂಡ, ನಗು ತಡೆದುಕೊಂಡು. ಎಷ್ಟು ದಿನದಿಂದ ಅಲ್ಲಿ ನಿಂತಿದ್ದನೋ! ಕಂಬಕ್ಕೆ ಕಾಗದ ಅಂಟಿಸುತ್ತಿದ್ದಾಗ ಒಳಗಿನಿಂದ ಅತ್ತೆಯ ಓದು ಕೇಳಿ ಅವಳು ಮೊದಲ ಸಲ ಒಳಗೆ ಬಂದಿರಬೇಕು. ಇದು ನನ್ನ ಊಹೆ.

ಎಲ್ಲರೂ ಹೋದ ಮೇಲೆ ಅತ್ತೆಗೆ ವರದಿ ಒಪ್ಪಿಸಿದೆ. ಶಭಾಷ್ ಅನ್ನುತ್ತಾರೆ ಅಂದುಕೊಂಡಿದ್ದೆ. ಅವರು ಕಿಟಕಿಗಳನ್ನು ಒಂದೊಂದಾಗಿ ತೆರೆದರು. ಕೊನೆಯದನ್ನು ತೆರೆಯುತ್ತ ಕೇಳಿದರು: "ನಾನು ಇಷ್ಟು ಕಥೆ ಓದಿದೀನಲ್ಲ, ಕಾಣೆಯಾದವರು ಒಬ್ಬರಾದ್ರೂ ಬದುಕಿ ವಾಪಸ್ ಬಂದಿದ್ದಾರೇನೇ?"

ನಾನು ಯೋಚಿಸಿದೆ. ಬಾವಿಯಲ್ಲಿ ಸಿಕ್ಕಿದ್ದಾರೆ. ಪೆಟ್ಟಿಗೆಯಲ್ಲಿ, ನೆಲಮಾಳಿಗೆಯಲ್ಲಿ, ಹೂದೋಟದ ಮಣ್ಣಿನಡಿಯಲ್ಲಿ ಸಿಕ್ಕಿದ್ದಾರೆ.

"ಇಲ್ಲ ಅತ್ತೆ."

"ಅದಕ್ಕೇ ಏಳ್ತಾಳೆ. ಹುಡುಕೋದನ್ನ ಕೇಳಕ್ಕೆ ಬರ್ತಾಳೆ ಕಣೇ. ಸಿಗೋದನ್ನ ಕೇಳಕ್ಕಲ್ಲ."

ಅದರ ಮುಂದಿನ ಶನಿವಾರ ಅತ್ತೆ ಕೈಗೆತ್ತಿಕೊಂಡದ್ದು ರಟ್ಟು ಹಾಕಿಸಿದ ಹಳೆಯ ಮಾಸಪತ್ರಿಕೆಯ ಕಟ್ಟು. ತೆರೆದ ಕಥೆಯ ಮೊದಲ ಸಾಲು ಪಕ್ಕದಲ್ಲಿ ಕೂತ ನನಗೆ ಕಂಡಿತು. ಸಂಜೆ ತಿರುಗಾಡಲು ಹೋದ ಗಂಡ ಹಿಂತಿರುಗಿಲ್ಲ. ಹೆಂಡತಿ ಪತ್ತೇದಾರನ ಬಾಗಿಲು ತಟ್ಟುತ್ತಾಳೆ. ಆ ಕಥೆ ನನಗೆ ಗೊತ್ತು. ಕೊನೆಗೆ ಅವನನ್ನು ಪಾಳುಬಾವಿಯಿಂದ ಎತ್ತುತ್ತಾರೆ.

"ಅತ್ತೆ, ಇದು ಬೇಡ" ಎಂದು ಪಿಸುಗುಟ್ಟಿದೆ.

"ಇದೇ ಬೇಕು. ಸುಮ್ನೆ ಕೂತ್ಕೋ."

ಅವಳು ಬಂದಿದ್ದಳು. ಆವತ್ತು ಅವಳ ಬಗ್ಗೆ ತಿಳಿದಿದ್ದದ್ದು ಅತ್ತೆಗೆ, ನನಗೆ ಮಾತ್ರ. ಉಳಿದವರು ಭಯಕ್ಕೆ ಒಬ್ಬರಿಗೊಬ್ಬರು ಅಂಟಿಕೊಂಡು ಕೂತಿದ್ದರು. ಅತ್ತೆ ಓದಿದರು. ಪತ್ತೇದಾರ ಹೊರಟ. ಅಂಗಡಿಯವರನ್ನು ಕೇಳಿದ, ದೋಣಿಯವನನ್ನು ಕೇಳಿದ. ಬಾವಿಯ ಕಟ್ಟೆಯ ಮೇಲೆ ಹರಿದ ಹಗ್ಗ ಕಂಡ. ಅವಳು ಚೀಲ ಎತ್ತಿಕೊಂಡಳು. ಏಳಲು ಅಂಗೈ ನೆಲಕ್ಕೂರಿದಳು.

ಅತ್ತೆ ಪುಟ ತಿರುಗಿಸಿದರು. ಪಕ್ಕದಲ್ಲಿದ್ದ ನನಗೆ ಅಕ್ಷರಗಳು ಕಾಣುತ್ತಿದ್ದವು. "ಬಾವಿಯಿಂದ ಮೇಲೆತ್ತಿದಾಗ" ಎಂದು ಅಚ್ಚಾಗಿತ್ತು. ಅತ್ತೆ, ಒಂದು ಕ್ಷಣವೂ ತಡೆಯದೆ, ಅದೇ ರಾಗದಲ್ಲಿ ಓದಿದರು:

"ಪತ್ತೇದಾರನು ಬಾವಿಯೊಳಗೆ ಇಣುಕಿದನು. ಬಾವಿಯಲ್ಲಿ ನೀರಲ್ಲದೆ ಬೇರೇನೂ ಇರಲಿಲ್ಲ."

ಒಂದು ವರ್ಣನೆ ಹಾರಿಸಿದ್ದಕ್ಕೆ ಇಂಜಿನಿಯರನ್ನು ಮೊದಲಿಂದ ಓದಿಸಿದವರು, ಪುಟದಲ್ಲಿ ಇಲ್ಲದ ಊರನ್ನು ಓದಿದರು, ಇಲ್ಲದ ಧರ್ಮಾಸ್ಪತ್ರೆಯನ್ನು ಓದಿದರು, ತಲೆಗೆ ಪೆಟ್ಟು ಬಿದ್ದು ತನ್ನ ಊರಿನ ಹೆಸರು ಮರೆತು ಅಲ್ಲಿ ಮಲಗಿದ್ದವನನ್ನು ಓದಿದರು. ಪತ್ತೇದಾರ ಅವನ ಭುಜ ಮುಟ್ಟಿ ಹೆಂಡತಿಯ ಹೆಸರು ಹೇಳಿದ. ಅವನು ಎದ್ದು ಕೂತ. ಇಬ್ಬರೂ ಸಂಜೆಯ ರೈಲು ಹತ್ತಿದರು. ಅತ್ತೆಯ ಬೆರಳು ಅಚ್ಚಾದ ಸಾಲುಗಳ ಮೇಲೆ ಹರಿಯುತ್ತಲೇ ಇತ್ತು. ಬೆರಳು ಸತ್ತವನ ಮೇಲಿತ್ತು. ದನಿ ಬದುಕಿದವನ ಜೊತೆಗಿತ್ತು.

ಇದು ಸರಿಯೇ? ಸುಳ್ಳು ಆಸೆ ಹುಟ್ಟಿಸುವುದು ಕರುಣೆಯೇ? ಗೊತ್ತಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ ಎಂದಿದ್ದೇನೆ. ಅವಳು ಚೀಲವನ್ನು ಕೆಳಗಿಟ್ಟದ್ದನ್ನು ಕಂಡೆ.

ಕಥೆ ಮುಗಿದದ್ದೇ ತಡ, ಸಭೆ ಸಿಡಿಯಿತು!

"ಇದೇನ್ ಮೇಡಂ! ಧರ್ಮಾಸ್ಪತ್ರೆ ಎಲ್ಲಿಂದ ಬಂತು? ಒಂದು ಸುಳಿವಾದ್ರೂ ಇತ್ತಾ?" ಇಂಜಿನಿಯರ್.

"ಹರಿದ ಹಗ್ಗ ಏನಾಯ್ತು? ಸುಮ್ನೆ ಹರೀತಾ? ಮೋಸ ಇದು!" ಟ್ಯೂಷನ್ ಮೇಡಂ.

"ಹೌದು" ಎಂದರು ಅತ್ತೆ ತಲೆ ತಗ್ಗಿಸಿ. "ಲೇಖಕನಿಗೆ ಬುದ್ಧಿ ಸಾಲದು. ಏನ್ ಮಾಡೋದು, ಇದ್ದಿದ್ದನ್ನ ಇದ್ದ ಹಾಗೆ ಓದ್ಬೇಕಲ್ಲ." ಕಟ್ಟನ್ನು ಮುಚ್ಚಿ, ಯಾರ ಕೈಗೂ ಸಿಗದಂತೆ ಮಡಿಲಲ್ಲಿಟ್ಟುಕೊಂಡರು.

ಆಗ ಬಾಗಿಲ ಕಡೆಯಿಂದ ನಾವು ಎಂದೂ ಕೇಳದ ಒಂದು ದನಿ ಬಂತು.

"ಆಮೇಲೇನಾಯ್ತಮ್ಮ?"

ಎಲ್ಲರೂ ತಿರುಗಿದರು. ಉತ್ತರ ಸಿಕ್ಕ ಮೇಲೆ ಕಥೆಗೆ ಕೆಲಸವಿಲ್ಲ ಎಂಬುದು ಅತ್ತೆಯ ಸಿದ್ಧಾಂತ. ಆದರೆ ಅವರು ಕನ್ನಡಕ ತೆಗೆದು, ಚಾಪೆಯ ಮೇಲೆ ಕೂತಲ್ಲೇ ಸರಿಯುತ್ತ ಸರಿಯುತ್ತ ಬಾಗಿಲವರೆಗೆ ಹೋಗಿ ಅವಳೆದುರು ಕೂತರು.

"ಆಮೇಲೆ ಮನೆಗೆ ಬಂದ. ಕೈಕಾಲು ತೊಳ್ಕೊಂಡ. ಊಟಕ್ಕೆ ಕೂತ."

"ಏನು ಬಡಿಸಿದ್ರು?"

"ಅದು ಪುಸ್ತಕದಲ್ಲಿಲ್ಲ. ನೀವೇ ಹೇಳ್ಬೇಕು."

ಅವಳು ಅಕ್ಷತೆಯ ಮುಷ್ಟಿಯನ್ನೇ ನೋಡಿದಳು.

"ಹಾಗಲಕಾಯಿ ಗೊಜ್ಜು" ಎಂದಳು. "ಇದೇನೇ ವಿಷ ಅಂತ ಬೈಕೊಂಡೇ ತಿಂತಾರೆ. ಪಾತ್ರೇಲಿ ಉಳಿಸಲ್ಲ."

"ಬೆಲ್ಲ ಹಾಕ್ತೀರಾ?" ಎಂದು ಅತ್ತೆ ಕೇಳಿದರು.

"ಹ್ಞೂಂ, ಜಾಸ್ತೀನೇ ಹಾಕ್ತೀನಿ" ಎಂದಳು ಅವಳು, ಮತ್ತು ಅದನ್ನು ಮಾಡುವ ಬಗೆಯನ್ನು ಮೊದಲಿನಿಂದ ಹೇಳತೊಡಗಿದಳು.